ದೂರದೇಶದವರ ಬೆಂಬಲದಿಂದ ಆದಿವಾಸಿಗಳ ನೆಲ ಉಳಿದೀತೇ?

ಪರ

ಗಣಿ ಕಂಪನಿಯ ದುಡ್ಡು ನಾಲ್ಕು ದೇಶದಿಂದ ಬರುತ್ತದೆ. ಹಾಗಿದ್ದ ಮೇಲೆ ವಿರೋಧ ಮಾತ್ರ ಒಂದೇ ಊರಲ್ಲಿ ಇರಬೇಕು ಅನ್ನುವುದು ಯಾವ ನ್ಯಾಯ?

ಒಡಿಶಾದ ನಿಯಮಗಿರಿಯನ್ನೇ ನೋಡಿ. ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರಿಗೆ ಆ ಬೆಟ್ಟ ನಿಯಮರಾಜ ದೇವರ ಜಾಗ. ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು ಇದೆ. ಅದನ್ನು ತೆಗೆಯಲು ಹೊರಟ ವೇದಾಂತ ಆಗ ಲಂಡನ್ ಷೇರುಪೇಟೆಯಲ್ಲಿದ್ದ ಕಂಪನಿ. ಬೆಟ್ಟದ ಇಳಿಜಾರಲ್ಲಿ ಬೇಸಾಯ ಮಾಡುವವರು ಲಂಡನ್ನಿನ ಷೇರುದಾರರ ಸಭೆಗೆ ದಿನಾ ಓಡಾಡಲು ಆಗುತ್ತದಾ? ಅಲ್ಲಿದ್ದವರೇ ಆ ಕೆಲಸ ಮಾಡಿದರು. ಹೂಡಿಕೆದಾರರನ್ನು ಬೆನ್ನು ಬಿಡದೆ ಪ್ರಶ್ನೆ ಕೇಳಿದರು. ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ 2007ರಲ್ಲಿ ವೇದಾಂತವನ್ನು ಕೈಬಿಟ್ಟಿತು. ಚರ್ಚ್ ಆಫ್ ಇಂಗ್ಲೆಂಡ್ 2010ರಲ್ಲಿ ತನ್ನ ಷೇರು ಮಾರಿತು. 2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗ್ರಾಮಸಭೆಗಳನ್ನೇ ಕೇಳಿ ಎಂದಿತು. 12 ಗ್ರಾಮಸಭೆ ನಡೆದವು. ಹನ್ನೆರಡೂ ಗಣಿ ಬೇಡ ಎಂದವು.

ಬೇಡ ಎಂದದ್ದು ಊರಿನವರೇ, ಅದರ ಹೆಸರು ಅವರಿಗೇ ಸಲ್ಲಬೇಕು. ಆದರೆ ಗ್ರಾಮಸಭೆ ಕೂರುವ ದಿನದವರೆಗೂ ಬೆಟ್ಟದ ನೆತ್ತಿಗೆ ಯಂತ್ರ ಏರಲಿಲ್ಲವಲ್ಲ, ಅದರಲ್ಲಿ ಹೊರಗಿನವರ ಪಾಲೂ ಇದೆ.

ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1983ರ ಸೆಪ್ಟೆಂಬರಿನಲ್ಲಿ ಇಲ್ಲಿನ ಸಾಲ್ಕಣಿ ಊರಿನವರು ಮರ ಅಪ್ಪಿ ನಿಂತಾಗ ಪ್ರೇರಣೆ ಬಂದದ್ದು ಹಿಮಾಲಯದ ಚಿಪ್ಕೋ ಚಳವಳಿಯಿಂದ. ಹೊರಗಿನ ಉಪಾಯ ಅಂತ ಯಾರೂ ಅದನ್ನು ದೂರ ಇಡಲಿಲ್ಲ.

ವಿರೋಧ

ನಿಯಮಗಿರಿಯ ಕತೆ ಹೇಳುವವರು ನರ್ಮದೆಗೆ ಬಂದಾಗ ಯಾಕೋ ಸುಮ್ಮನಾಗುತ್ತಾರೆ. ಸರ್ದಾರ್ ಸರೋವರದ ವಿರುದ್ಧ ಜಗತ್ತೇ ಮಾತಾಡಿತು. 1993ರಲ್ಲಿ ವಿಶ್ವಬ್ಯಾಂಕ್ ಇನ್ನೂ ಕೊಡಬೇಕಿದ್ದ ಸಾಲ ರದ್ದಾಯಿತು. ಅಣೆಕಟ್ಟು ನಿಂತಿತಾ? ಇಲ್ಲಿನ ದುಡ್ಡಲ್ಲೇ ಕಟ್ಟಿದರು, 2017ರಲ್ಲಿ ಉದ್ಘಾಟನೆಯೂ ಆಯಿತು. ಬ್ರೆಜಿಲಿನದೂ ಅದೇ ಹಾಡು. 1989ರಲ್ಲಿ ಅಲ್ಲಿನ ಕಯಾಪೊ ಆದಿವಾಸಿಗಳ ನಾಯಕ ರವೋನಿ ಗಾಯಕ ಸ್ಟಿಂಗ್ ಜೊತೆ ದೇಶ ದೇಶ ಸುತ್ತಿದರು. ಶಿಂಗು ನದಿಯ ಅಣೆಕಟ್ಟು ಯೋಜನೆ ಆಗ ತಣ್ಣಗಾಯಿತು. ಆಮೇಲೆ ಬೆಲೊ ಮಾಂಟೆ ಎಂಬ ಹೆಸರಲ್ಲಿ ಎದ್ದು ಬಂದು, 2016ರಿಂದ ಕರೆಂಟು ಕೊಡುತ್ತಿದೆ. ಸ್ಟಿಂಗ್ ಯಾವಾಗಲೋ ಮನೆಗೆ ಹೋಗಿದ್ದರು.

ಅದೇ 2016ರಲ್ಲಿ ಅಮೆರಿಕದ ಸ್ಟ್ಯಾಂಡಿಂಗ್ ರಾಕ್‌ನಲ್ಲಿ ಸೂ ಬುಡಕಟ್ಟಿನ ಜನ ತೈಲ ಕೊಳವೆಗೆ ಅಡ್ಡ ನಿಂತರು. 10 ಲಕ್ಷಕ್ಕೂ ಜಾಸ್ತಿ ಜನ ಮನೆಯಲ್ಲೇ ಕೂತು ಫೇಸ್‌ಬುಕ್ಕಿನಲ್ಲಿ 'ನಾನೂ ಅಲ್ಲೇ ಇದ್ದೇನೆ' ಎಂದು ಗುರುತು ಹಾಕಿದರು. ಮರುವರ್ಷ ಜೂನಿನಲ್ಲಿ ಕೊಳವೆಯಲ್ಲಿ ಎಣ್ಣೆ ಹರಿಯಿತು.

ನಮ್ಮಲ್ಲಿ ಇನ್ನೊಂದು ಅಪಾಯವಿದೆ. ಲಂಡನ್ನಿನ ಹೆಸರು ಬಂತೋ, 'ವಿದೇಶಿ ಕೈವಾಡ' ಎಂಬ ಮಾತು ಶುರು. 2015ರಲ್ಲಿ ಬ್ರಿಟಿಷ್ ಸಂಸದರ ಮುಂದೆ ಮಾತಾಡಲು ಹೊರಟಿದ್ದ, ಗ್ರೀನ್‌ಪೀಸ್ ಎಂಬ ಪರಿಸರ ಸಂಘಟನೆಯ ಕಾರ್ಯಕರ್ತೆಯನ್ನು ದೆಹಲಿ ವಿಮಾನ ನಿಲ್ದಾಣದಲ್ಲೇ ತಡೆದರು. ತಡೆದದ್ದು ಸರಿಯಲ್ಲ ಎಂದು ಹೈಕೋರ್ಟ್ ಆಮೇಲೆ ಹೇಳಿತು, ಅದು ಬೇರೆ ಮಾತು.

ಇನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬನ್ನಿ. ಗೋವಾದ ಕುಣಬಿ ಸಮುದಾಯದವರು 2003ರಿಂದ ಪರಿಶಿಷ್ಟ ಪಂಗಡ. ಗಡಿಯ ಈಚೆ ಜೋಯಿಡಾದ ಕುಣಬಿಗಳು ಇನ್ನೂ ಅರ್ಜಿ ಹಿಡಿದು ನಿಂತಿದ್ದಾರೆ. ಅಂಕೋಲೆಯ ಹಾಲಕ್ಕಿಗಳದೂ ಇದೇ ಪಾಡು. ಸುಕ್ರಿ ಬೊಮ್ಮಗೌಡರಿಗೂ ತುಳಸಿ ಗೌಡರಿಗೂ ಪದ್ಮಶ್ರೀ ಬಂತು, ಪಟ್ಟಿಯಲ್ಲಿ ಅವರ ಸಮುದಾಯದ ಹೆಸರು ಮಾತ್ರ ಬರಲಿಲ್ಲ. ಪಂಗಡದ ಪಟ್ಟಿಯಲ್ಲಿ ಇಲ್ಲದವರು ಅರಣ್ಯ ಹಕ್ಕು ಕೇಳಿದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ಸಾಕ್ಷಿ ಕೊಡಬೇಕು. ಕೊಡಲಾಗದಿದ್ದರೆ ಅಜ್ಜ ಉತ್ತ ಗದ್ದೆಯಲ್ಲೇ ಮೊಮ್ಮಗ ಅತಿಕ್ರಮಣದಾರ.

ಆಕ್ಸ್‌ಫರ್ಡಿನ ವಿದ್ಯಾರ್ಥಿ ಫಲಕ ಹಿಡಿದರೆ ಈ ಕಡತ ಕದಲುವುದಿಲ್ಲ. ಊರ ಹಿರಿಯರ ಮಾತನ್ನು ಬರೆಸಿಕೊಂಡರೆ ಅದೂ ಸಾಕ್ಷಿಯಾಗುತ್ತದೆ ಎಂದು ಅರಣ್ಯ ಹಕ್ಕು ಕಾಯ್ದೆಯ ನಿಯಮಗಳೇ ಹೇಳುತ್ತವೆ. ಆ ಹಿರಿಯರಿಗೆ ಈಗ ಎಂಬತ್ತು, ತೊಂಬತ್ತು. ಅವರ ಎದುರು ಕೂತು ಬರೆದುಕೊಳ್ಳಲು ಕಾರವಾರದ್ದೋ ಶಿರಸಿಯದ್ದೋ ನಾಲ್ಕು ಜನ ವಕೀಲರು ಬೇಕು, ಅದೂ ಈ ಮಳೆಗಾಲಕ್ಕೆ ಮುಂಚೆ.