ಟೋಪಿ ಹೋದರೆ ಹೋಗಲಿ

ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನ ನೋಡಿ ಬಂದು ಮೂರು ವಾರವಾಯಿತು. ಫೋಟೊ ಎಲ್ಲಿ ಎಂದು ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ. ಅದಕ್ಕೆ ಮುಂಚೆ, ಅಲ್ಲಿಂದ ಬಂದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವ ಒಂದು ನಿಮಿಷದ ಬಗ್ಗೆ ಬರೆಯಬೇಕು.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಿಸಿನೀರಿನ ಬುಗ್ಗೆಯ ಪಕ್ಕದ ಹಲಗೆ ದಾರಿಯಲ್ಲಿ ನಡೆಯುತ್ತಿದ್ದೆವು. ತಂಗಿಯ ಮಗನ ಟೋಪಿ ಗಾಳಿಗೆ ಹಾರಿ, ದಾರಿಯಿಂದ ನಾಲ್ಕು ಹೆಜ್ಜೆ ಆಚೆ ಕಿತ್ತಳೆ ಬಣ್ಣದ ನೆಲದ ಮೇಲೆ ಬಿತ್ತು. ಹುಡುಗನ ಮುಖ ಸಪ್ಪಗಾಯಿತು. ಅವನ ಅಪ್ಪ, "ಇಲ್ಲೇ ಇದೆಯಲ್ಲ, ಹೀಗೆ ಹೋಗಿ ಹಾಗೆ ಬಂದುಬಿಡುತ್ತೇನೆ" ಎನ್ನುತ್ತ ಒಂದು ಕಾಲನ್ನು ಹಲಗೆಯಿಂದ ಕೆಳಗೆ ಚಾಚಿಯೇ ಬಿಟ್ಟರು. ನಾನು ಅವರ ರಟ್ಟೆ ಹಿಡಿದು ಎಳೆದೆ. ಅಷ್ಟೂ ಜನರ ಎದುರು ಕಿರುಚಿದೆ. "ಅಕ್ಕ, ನೀರಿಗೆ ಇಳಿಯುತ್ತಿದ್ದೇನೆಯೇ? ನೆಲದ ಮೇಲೆ ತಾನೇ ಕಾಲಿಡುತ್ತಿರುವುದು" ಎಂದು ಅವರು ಮುನಿಸಿಕೊಂಡರು. ಆ ಮಧ್ಯಾಹ್ನವೆಲ್ಲ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಅವರು ಹೇಳಿದ ಆ ಮಾತಿನಲ್ಲೇ ಎಲ್ಲ ತಪ್ಪೂ ಇದೆ ಎಂದು ನನಗೆ ಈಗಲೂ ಅನಿಸುತ್ತದೆ. ಬಿಸಿನೀರಿನ ಬುಗ್ಗೆ ಎಂದಕೂಡಲೇ ನಾವು ನೀರಿಗೆ ಮಾತ್ರ ಹೆದರುತ್ತೇವೆ. ಅಲ್ಲಿ ಮೊದಲು ಹೆದರಬೇಕಾದದ್ದು ನೆಲಕ್ಕೆ. ಆಳದಿಂದ ಮೇಲೆ ಬರುವ ಕುದಿನೀರು ಬಂಡೆಯಿಂದ ಸಿಲಿಕಾ ಎಂಬ ಖನಿಜವನ್ನು ಕರಗಿಸಿಕೊಂಡು ಬರುತ್ತದೆ. ಮೇಲೆ ಬಂದು ತಣ್ಣಗಾಗುತ್ತಿದ್ದಂತೆ ಆ ಸಿಲಿಕಾ ಪದರ ಪದರವಾಗಿ ಗಟ್ಟಿಯಾಗುತ್ತದೆ. ಗಾಯದ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಹಾಗೆ. ನೋಡಲು ಒಣಗಿದ ಬಿಳಿ ನೆಲ. ಕೆಲವು ಕಡೆ ಅದು ಕೊಳದ ಅಂಚಿನಿಂದ ಒಳಕ್ಕೆ ಚಾಚಿಕೊಂಡು ನೀರಿನ ಮೇಲೆಯೇ ನಿಂತಿರುತ್ತದೆ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆ ನೆಲದಲ್ಲಿ ಬೈಸನ್ ಎಂಬ ಅಲ್ಲಿನ ಕಾಡೆಮ್ಮೆಗಳ ಗೊರಸಿನ ಗುರುತು ನೋಡಿ, ಅಷ್ಟು ಭಾರದ ಪ್ರಾಣಿ ನಡೆದ ಮೇಲೆ ನಮಗೇನು ಎಂದು ಪಕ್ಕದಲ್ಲಿ ಒಬ್ಬರು ಹೇಳುತ್ತಿದ್ದರು. ಕಾಡೆಮ್ಮೆಗಳೂ ಆ ಕೊಳಗಳಲ್ಲಿ ಬಿದ್ದು ಸತ್ತಿವೆ. ಗೊರಸಿನ ಗುರುತು ದಾಟಿ ಹೋದ ಪ್ರಾಣಿಯ ಕಥೆಯನ್ನಷ್ಟೇ ಹೇಳುತ್ತದೆ.

ಇದು ಹೊಸದಾಗಿ ಕಂಡುಕೊಂಡ ಸತ್ಯವೂ ಅಲ್ಲ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದದ್ದು 1872ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆ ಅನ್ವೇಷಣಾ ತಂಡದಿಂದ ಬೇರ್ಪಟ್ಟು ದಾರಿ ತಪ್ಪಿದ ಟ್ರೂಮನ್ ಎವರ್ಟ್ಸ್ ಎಂಬವರು 37 ದಿನ ಆ ಕಾಡಿನಲ್ಲಿ ಅಲೆದರು. ಹಿಮ ಬೀಳುತ್ತಿದ್ದಾಗ ಬೆಚ್ಚಗಿರಲು ಬುಗ್ಗೆಗಳ ಪಕ್ಕದಲ್ಲಿ ಮಲಗಿದರು. ಅವರ ಜೀವ ಉಳಿಸಿದ ಅದೇ ನೆಲ ಒಂದು ರಾತ್ರಿ ಕುಸಿದು, ಹಬೆಗೆ ಅವರ ಸೊಂಟದ ಪಕ್ಕ ಬೆಂದುಹೋಯಿತು.

2016ರ ಜೂನ್‌ನಲ್ಲಿ ಇದೇ ಉದ್ಯಾನದ ನಾರಿಸ್ ಎಂಬಲ್ಲಿ ನಡೆದದ್ದು ಇನ್ನೂ ಘೋರ. ಇಪ್ಪತ್ತಮೂರು ವರ್ಷದ ಯುವಕನೊಬ್ಬ ಮೈ ನೆನೆಸಲು ಹಿತವಾದ ಬಿಸಿನೀರು ಸಿಗಬಹುದೆಂದು ಸಹೋದರಿಯ ಜೊತೆ ಹಲಗೆ ದಾರಿ ಬಿಟ್ಟು ಸುಮಾರು ಇನ್ನೂರು ಮೀಟರ್ ಒಳಗೆ ಹೋದ. ನೀರು ಎಷ್ಟು ಬಿಸಿಯಿದೆ ಎಂದು ನೋಡಲು ಬಾಗಿದಾಗ ಜಾರಿ ಬಿದ್ದ. ಆ ನೀರು ಕುದಿಯುತ್ತಿತ್ತು, ಜೊತೆಗೆ ಆಮ್ಲವೂ ಇತ್ತು. ಮರುದಿನ ಹೊತ್ತಿಗೆ ಮನೆಯವರಿಗೆ ಒಪ್ಪಿಸಲು ದೇಹವೇ ಉಳಿದಿರಲಿಲ್ಲ. ಇದನ್ನು ಹೆದರಿಸಲೆಂದು ಬರೆಯುತ್ತಿಲ್ಲ. ಆ ಸಹೋದರಿಯನ್ನು ನೆನೆದು ಬರೆಯುತ್ತಿದ್ದೇನೆ.

1981ರಲ್ಲಿ ಮತ್ತೊಬ್ಬ ಯುವಕ, ಕಾರಿನಿಂದ ತಪ್ಪಿಸಿಕೊಂಡು ಸೆಲೆಸ್ಟೈನ್ ಕೊಳಕ್ಕೆ ಹಾರಿದ ಗೆಳೆಯನ ನಾಯಿಯನ್ನು ಉಳಿಸಲು ತಾನೂ ಧುಮುಕಿದ. ಬೇಡ ಬೇಡ ಎಂದು ಸುತ್ತಲಿದ್ದವರು ಕೂಗುತ್ತಿದ್ದರು. ನಾಯಿ ಉಳಿಯಲಿಲ್ಲ, ಅವನೂ ಉಳಿಯಲಿಲ್ಲ. ಅಷ್ಟು ಎತ್ತರದ ಪ್ರದೇಶದಲ್ಲಿ ನೀರು ಕುದಿಯುವುದು ಸುಮಾರು 93 ಡಿಗ್ರಿ ಸೆಲ್ಸಿಯಸ್‌ಗೆ. ಆ ಕೊಳದ ನೀರೂ ಅಷ್ಟೇ ಬಿಸಿಯಿತ್ತು. ಪ್ರೀತಿಯಿಂದ ಕಾಲಿಟ್ಟವನಿಗೂ ಕುತೂಹಲದಿಂದ ಕಾಲಿಟ್ಟವನಿಗೂ ಆ ನೀರು ವ್ಯತ್ಯಾಸ ಮಾಡುವುದಿಲ್ಲ.

ಅಂಚಿಗೆಲ್ಲ ಕಟಕಟೆ ಏಕೆ ಹಾಕಬಾರದು ಎಂದು ತಂಗಿ ಕೇಳಿದಳು. ಆ ಉದ್ಯಾನದಲ್ಲಿ ಬುಗ್ಗೆ, ಚಿಲುಮೆ, ಹಬೆಗಂಡಿ ಎಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚಿವೆ, ಮತ್ತು ಅವು ಇದ್ದಲ್ಲೇ ಇರುವುದಿಲ್ಲ. 2024ರ ಜುಲೈನಲ್ಲಿ ಬಿಸ್ಕೆಟ್ ಬೇಸಿನ್‌ನಲ್ಲಿ ನೆಲದಡಿಯ ಹಬೆ ಸಿಡಿದು ಹಲಗೆ ದಾರಿಯನ್ನೇ ಒಡೆದುಹಾಕಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಇಂಥ ನೆಲಕ್ಕೆ ಎಲ್ಲೆಂದು ಬೇಲಿ ಹಾಕುವುದು? ಇಲ್ಲಿ ಕಾಲು ಇಡಬಹುದು ಎಂದು ಬಲ್ಲವರು ಒಂದು ದಾರಿ ತೋರಿಸಿದ್ದಾರೆ. ಉಳಿದದ್ದು ನಮ್ಮ ಮೇಲೆ ಇಟ್ಟ ನಂಬಿಕೆ. ಆ ನಂಬಿಕೆ ನನಗೆ ಕಬ್ಬಿಣದ ಸರಳಿಗಿಂತ ಹೆಚ್ಚು ಇಷ್ಟವಾಯಿತು.

ಇನ್ನು ಟೋಪಿ ಬಿದ್ದ ಆ ಕಿತ್ತಳೆ ನೆಲ. ಅದು ಕೆಸರಲ್ಲ, ಜೀವಂತ ಹಾಸು. ಬುಗ್ಗೆಯ ನಡುವಿನ ನೀಲಿ ನೀರು ವಿಪರೀತ ಬಿಸಿ. ಅಂಚಿಗೆ ಬಂದಂತೆ ಬಿಸಿ ಇಳಿಯುತ್ತದೆ, ಒಂದೊಂದು ಬಿಸಿಗೆ ಒಗ್ಗಿದ ಸೂಕ್ಷ್ಮಜೀವಿಗಳು ಹಳದಿ, ಕಿತ್ತಳೆ, ಕಂದು ಬಳೆಗಳಾಗಿ ಸುತ್ತುಗಟ್ಟುತ್ತವೆ. 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಇದೇ ಉದ್ಯಾನದ ಮಶ್ರೂಮ್ ಸ್ಪ್ರಿಂಗ್‌ನಿಂದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾವನ್ನು ಸಂಗ್ರಹಿಸಿದರು. ಅದರ ಕಿಣ್ವವೇ ಮುಂದೆ ಪಿಸಿಆರ್ ಪರೀಕ್ಷೆಗೆ ಆಧಾರವಾಯಿತು. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಾವೆಲ್ಲ ಆ ಬುಗ್ಗೆಗೆ ಋಣಿಗಳು. ಒಂದು ಹೆಜ್ಜೆ ಇಟ್ಟರೆ ಆ ಹಾಸಿನ ಮೇಲೆ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ನಾಣ್ಯ ಎಸೆಯುವುದೂ ಅಷ್ಟೇ ಕೆಟ್ಟದ್ದು. ಮಾರ್ನಿಂಗ್ ಗ್ಲೋರಿ ಕೊಳದ ನೀಲಿ ಬಣ್ಣ ಮಂಕಾಗಿ ಹಳದಿ ಒಳಕ್ಕೆ ಹರಡಿದ್ದು ಜನ ಎಸೆದ ನಾಣ್ಯ, ಕಸಗಳಿಂದ ಬಿಸಿನೀರು ಬರುವ ಕಂಡಿ ಕಟ್ಟಿಕೊಂಡದ್ದರಿಂದ. ಅದನ್ನು ನೋಡುತ್ತ ನಿಂತಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಹೋಗುವವರಿಗೆ ಇಷ್ಟು ಹೇಳುತ್ತೇನೆ. ಮಕ್ಕಳನ್ನು ಮುಂದೆ ಓಡಲು ಬಿಡಬೇಡಿ, ಕೈ ಹಿಡಿದೇ ನಡೆಯಿರಿ. ದಟ್ಟ ಹಬೆ ಮುಖಕ್ಕೆ ಬಂದು ದಾರಿ ಕಾಣದಾದರೆ ನಿಂತುಬಿಡಿ, ಗಾಳಿ ತಿರುಗುವವರೆಗೆ ಕಾಯಿರಿ. ಫೋಟೊಗಾಗಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡಬೇಡಿ. ಬೆರಳು ಅದ್ದಿ ನೋಡುವ ಆಸೆ ಬೇಡ. ಮೈ ಸುಟ್ಟರೆ ತಣ್ಣನೆಯ ಶುದ್ಧ ನೀರನ್ನು ಇಪ್ಪತ್ತು ನಿಮಿಷ ಹರಿಸಿ, ಮಂಜುಗಡ್ಡೆ ಇಡಬೇಡಿ, ಕೂಡಲೇ ರೇಂಜರ್‌ಗೆ ತಿಳಿಸಿ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ.

ಏನಾದರೂ ಹಾರಿ ಬಿದ್ದರೂ ರೇಂಜರ್‌ಗೇ ಹೇಳಿ. ನಾವೂ ಹೇಳಿದೆವು. ಆಕೆ ಗದರಲಿಲ್ಲ, ಎಲ್ಲಿ ಬಿತ್ತು ಎಂದು ಕೇಳಿ ಬರೆದುಕೊಂಡು, ಕೆಳಗಿಳಿಯದೆ ಇದ್ದದ್ದಕ್ಕೆ ಧನ್ಯವಾದ ಹೇಳಿದರು. ಹುಡುಗನ ಅಪ್ಪ ಅದನ್ನು ಕೇಳಿಸಿಕೊಂಡು ಸುಮ್ಮನೆ ನಿಂತಿದ್ದರು. ಆಮೇಲೆ ತಮ್ಮ ತಲೆಯ ಮೇಲಿದ್ದ ಟೋಪಿ ತೆಗೆದು ಮಗನಿಗೆ ಹಾಕಿ, ಗಲ್ಲದ ಕೆಳಗೆ ಅದರ ದಾರವನ್ನು ಬಿಗಿಯಾಗಿ ಕಟ್ಟಿದರು.