ವಯಸ್ಸಾಯ್ತು ಬಿಡಿ ಅನ್ನೋ ಮಾತು

ನಮ್ಮ ನಾಯಿ ಕೆಂಪಿಗೆ ಈಗ 13 ವರ್ಷ ತುಂಬಿದೆ. ಬೆಳಿಗ್ಗೆ ಅವಳು ಏಳೋದನ್ನ ನೋಡ್ತಾ ಕೂರೋದೇ ನನ್ನ ದಿನದ ಮೊದಲನೇ ಕೆಲಸ ಈಗ. ಮುಂದಿನ ಎರಡು ಕಾಲು ಊರ್ತಾಳೆ, ಎದೆ ಎತ್ತುತಾಳೆ, ಅಲ್ಲೇ ಒಂದು ಗಳಿಗೆ ನಿಂತು ಮೂತಿ ಕೆಳಗೆ ಹಾಕಿ ಉಸಿರು ತಗೊಂಡು ಆಮೇಲೆ ಸೊಂಟನ ಮೇಲಕ್ಕೆ ಎಳ್ಕೋತಾಳೆ. ಕೆಲವು ದಿನ ಒಂದೇ ಸಲಕ್ಕೆ ಆಗ್ಬಿಡುತ್ತೆ. ಕೆಲವು ದಿನ ಹಿಂಗಾಲು ಜಾರಿ ಧೊಪ್ ಅಂತ ಕೂತ್ಬಿಡ್ತಾಳೆ, ಕೂತು ತಿರುಗಿ ನನ್ನನ್ನೇ ನೋಡ್ತಾಳೆ. ಮೊದಮೊದಲು ಆ ನೋಟ ನೋಡಿದ್ರೆ ನಂಗೆ ಕರುಳು ಚುರುಕ್ ಅನ್ನೋದು, ನಾಚ್ಕೋತಿದಾಳೇನೋ ಅನ್ಕೊಂಡು ಮುಖ ತಿರುಗಿಸ್ಕೋತಿದ್ದೆ. ಈಗ ಅದರ ಅರ್ಥ ಗೊತ್ತು, 'ಸ್ವಲ್ಪ ಬಾ' ಅಂತ ಕರೀತಿರ್ತಾಳೆ ಅಷ್ಟೇ. ಹೋಗಿ ಹೊಟ್ಟೆ ಕೆಳಗೆ ಒಂದು ಟವೆಲ್ ಹಾಕಿ ಎತ್ತಿ ಹಿಡಿದ್ರೆ ನಾಲ್ಕು ಹೆಜ್ಜೆ ಆದ್ಮೇಲೆ ತಾನೇ ನಡ್ಕೊಂಡು ಹೋಗ್ತಾಳೆ.

ಮನೆಗೆ ಬಂದೋರೆಲ್ಲ ಇದನ್ನ ನೋಡಿ ಒಂದೇ ಮಾತು ಹೇಳ್ತಾರೆ. 'ಪಾಪ, ವಯಸ್ಸಾಯ್ತು ಬಿಡಿ.' ಪ್ರೀತಿಯಿಂದಾನೇ ಹೇಳ್ತಾರೆ, ನಂಗೆ ಯಾರ ಮೇಲೂ ಬೇಜಾರಿಲ್ಲ. ಆದ್ರೆ ಈ ಮಾತಿನ ಬಗ್ಗೆ ನಂಗೆ ಹೇಳೋದಿದೆ, ಯಾಕಂದ್ರೆ ಇದೇ ಮಾತನ್ನ ನಾನೂ ಹೆಚ್ಚುಕಮ್ಮಿ ಒಂದು ವರ್ಷ ಹೇಳ್ಕೊಂಡು ಓಡಾಡಿದೀನಿ.

ಅವಳಿಗೆ ಹನ್ನೊಂದು ಆದ್ಮೇಲೆ ಮೆಟ್ಟಿಲು ಹತ್ತೋದು ಬಿಟ್ಟಳು. ವಯಸ್ಸಾಯ್ತು. ಬಾಗಿಲ ಸದ್ದಾದ್ರೆ ಓಡಿ ಬರ್ತಿದ್ದೋಳು ಮಲಗಿದಲ್ಲೇ ಬಾಲ ಅಲ್ಲಾಡಿಸೋಕೆ ಶುರು ಮಾಡಿದ್ಲು. ವಯಸ್ಸಾಯ್ತು. ಹಗ್ಗದ ಆಟ ಬಿಟ್ಟಳು, ರಾತ್ರಿ ಒಂದು ಕಡೆ ಮಲಗದೆ ಜಾಗ ಬದಲಾಯಿಸ್ತಾ ಇರ್ತಿದ್ಲು, ಬೆನ್ನು ಸವರಿದ್ರೆ ಎದ್ದು ಸ್ವಲ್ಪ ದೂರ ಹೋಗಿ ಮಲಗ್ತಿದ್ಲು, ಮುಂಗಾಲಿನ ಗಂಟನ್ನ ನೆಕ್ಕಿ ನೆಕ್ಕಿ ಅಲ್ಲಿನ ಕೂದಲೇ ಕಂದು ಬಣ್ಣಕ್ಕೆ ತಿರುಗಿತ್ತು, ಇಷ್ಟೆಲ್ಲ ಕಣ್ಣ ಮುಂದೆನೇ ನಡೀತಿದ್ರೂ ನಾನು ಒಂದೊಂದಕ್ಕೂ ಅದೇ ಸಮಾಧಾನ ಹೇಳ್ಕೊಂಡೆ. ಆಮೇಲೆ ಯಾವುದೋ ಲಸಿಕೆಗೆ ಅಂತ ಹೋದಾಗ ಡಾಕ್ಟರ್ ಸುಮ್ನೆ ಹಿಂಗಾಲನ್ನ ಹಿಂದಕ್ಕೆ ಚಾಚಿ ನೋಡಿದ್ರು. ಕೆಂಪಿ ಕಿರುಚಲಿಲ್ಲ, ಗುರ್ರ್ ಅನ್ನಲಿಲ್ಲ. ತಲೆ ತಿರುಗಿಸಿ ಡಾಕ್ಟರ್ ಕೈಯನ್ನ ಒಂದ್ಸಲ ನೆಕ್ಕಿದ್ಲು. 'ಇದು ಮುದ್ದಲ್ಲ, ನೋವಾಗ್ತಿದೆ ಬಿಡಿ ಅಂತ ಕೇಳ್ಕೋತಿದಾಳೆ' ಅಂದ್ರು ಅವರು.

ಎಕ್ಸ್‌ರೇ ತೆಗೆಸಿದ್ವಿ. ಎರಡೂ ಸೊಂಟದ ಕೀಲು ಸವೆದಿತ್ತು, ಆರ್ಥರೈಟಿಸ್. ನಾಯಿಗಳಿಗೆ ಅಂತಲೇ ಇರೋ ನೋವಿನ ಮಾತ್ರೆ ಶುರು ಮಾಡಿದ್ರು, ಅದಕ್ಕೂ ಮುಂಚೆ ಕಿಡ್ನಿ ಲಿವರ್ ಹೇಗಿದೆ ಅಂತ ರಕ್ತ ಪರೀಕ್ಷೆ ಮಾಡಿಸಿದ್ರು. ಹತ್ತು ಹನ್ನೆರಡು ದಿನ ಆಗಿರ್ಬೇಕು, ಒಂದು ಸಂಜೆ ನಾನು ಏನೋ ಓದ್ತಾ ಕೂತಿದ್ದೆ, ಮೊಣಕಾಲಿಗೆ ಏನೋ ಒದ್ದೆ ಒದ್ದೆ ತಗುಲ್ತು. ನೋಡಿದ್ರೆ ಹಗ್ಗ. ಎಲ್ಲಿ ಬಿದ್ದಿತ್ತೋ ಹುಡುಕಿ ಬಾಯಲ್ಲಿ ಕಚ್ಕೊಂಡು ತಂದು ನನ್ನ ಕಾಲಿಗೆ ಒತ್ತುತಿದಾಳೆ. ಅವತ್ತು ನಾನು ಅತ್ತಿದ್ದು ಖುಷಿಗೆ ಅಂತ ಮನೆಯೋರು ಅನ್ಕೊಂಡ್ರು. ಖುಷಿ ಇತ್ತು, ಆದ್ರೆ ಜಾಸ್ತಿ ಇದ್ದಿದ್ದು ಬೇರೆ. ಒಂದು ವರ್ಷ ಅವಳು ಆಟ ಬಿಟ್ಟಿದ್ದು ವಯಸ್ಸಿಗಲ್ಲ, ನೋವಿಗೆ. ಆ ವರ್ಷ ನಾನು ವಾಪಸ್ ಕೊಡೋಕಾಗಲ್ಲ.

ಹಾಗಾಗಿ ವಯಸ್ಸಾದ ನಾಯಿ ಇರೋ ಯಾರೇ ಸಿಕ್ಕಿದ್ರೂ ನಾನು ಮೊದಲು ಹೇಳೋದು ಇದನ್ನೇ, ನಾಯಿ ನೋವಾದ್ರೆ ಅಳುತ್ತೆ ಅಂತ ಕಾಯ್ಬೇಡಿ. ಬಹಳಷ್ಟು ನಾಯಿಗಳು ಅಳೋದೇ ಇಲ್ಲ. ಎದ್ದ ತಕ್ಷಣ ಬಿಗಿಯಾಗಿದ್ದು ಸ್ವಲ್ಪ ನಡೆದ ಮೇಲೆ ಸಡಿಲ ಆಗೋದು, ಕಾರು ಹತ್ತೋಕೆ ಹಿಂದೆ ಮುಂದೆ ನೋಡೋದು, ಓಡಾಡದೆ ಇದ್ರೂ ಸುಮ್‌ಸುಮ್ನೆ ಏದುಸಿರು ಬಿಡೋದು, ಮುಟ್ಟಿದ್ರೆ ಸಿಡುಕೋದು, ಇವೆಲ್ಲ ಅವುಗಳ ಅಳುನೇ. ಇನ್ನೊಂದು, ದಯವಿಟ್ಟು ನಮ್ಮ ನೋವಿನ ಮಾತ್ರೆನ ಅರ್ಧ ಮುರಿದು ಕೊಡ್ಬೇಡಿ. ಪಾಪ ನೋವು ಅಂತ ಪ್ರೀತಿಯಿಂದಾನೇ ಕೊಡೋರಿದಾರೆ, ಆದ್ರೆ ಐಬುಪ್ರೊಫೆನ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ, ಪ್ಯಾರಾಸಿಟಮಾಲ್ ಡೋಸ್ ತಪ್ಪಿದ್ರೆ ಲಿವರ್‌ಗೂ ರಕ್ತಕ್ಕೂ ವಿಷ. ಡಾಕ್ಟರ್ ಕೇಳದೆ ಏನೂ ಬೇಡ.

ತೂಕದ ವಿಷಯ ನಂಗೆ ಮನಸ್ಸಿಗೆ ಕಷ್ಟ ಆಗಿದ್ದು. ವಯಸ್ಸಾಗಿದೆ, ತಿನ್ಲಿ ಬಿಡು, ಇನ್ನೆಷ್ಟು ದಿನ ಅಂತ ಕೈಗೆ ಸಿಕ್ಕಿದ್ದೆಲ್ಲ ಕೊಡ್ತಿದ್ದೆ. ಡಾಕ್ಟರ್ ಆಗ ಒಂದು ಪ್ರಯೋಗದ ಬಗ್ಗೆ ಹೇಳಿದ್ರು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನ ಜೋಡಿ ಜೋಡಿ ಮಾಡಿ ಜೀವನಪೂರ್ತಿ ಗಮನಿಸಿದ್ರಂತೆ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಮ್ಮಿ ಊಟ. 2002ರಲ್ಲಿ ಅದರ ವರದಿ ಬಂತು, ಜಾಸ್ತಿ ತಿಂದ ಗುಂಪಿನ ಸರಾಸರಿ ಆಯಸ್ಸು 11.2 ವರ್ಷ ಆದ್ರೆ ಕಮ್ಮಿ ತಿಂದ ಗುಂಪಿನದು 13 ವರ್ಷ, ಕೀಲುನೋವಿಗೆ ಔಷಧಿ ಶುರು ಮಾಡ್ಬೇಕಾಗಿ ಬಂದಿದ್ದೂ ತಡವಾಗಿ. ಹೆಚ್ಚುಕಮ್ಮಿ ಎರಡು ವರ್ಷ! ಅದನ್ನ ಕೇಳಿದ ಮೇಲೆ ನನ್ನ ಕೈ ತಾನಾಗೇ ಹಿಂದಕ್ಕೆ ಬಂತು. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣ್ಬಾರ್ದು, ಆದ್ರೆ ಕೈಯಿಟ್ಟು ಸವರಿದ್ರೆ ಸಿಗ್ಬೇಕು, ಅಷ್ಟು ಲೆಕ್ಕ ಇಟ್ಕೊಂಡಿದೀನಿ.

ಆಮೇಲೆ ಮನೆ. ನಾವು ನೆಲ ಫಳಫಳ ಅಂತ ಇಟ್ಕೊಳ್ಳೋದು ನಮಗೆ ಚೆಂದ, ಅವಳಿಗೆ ಅದು ಮಂಜುಗಡ್ಡೆ. ಅವಳು ಓಡಾಡೋ ದಾರೀಲೆಲ್ಲ ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಸಿದೀನಿ, ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ. ಮನೆ ನೋಡೋಕೆ ಏನೂ ಚೆನ್ನಾಗಿ ಕಾಣಲ್ಲ, ಪರವಾಗಿಲ್ಲ. ಪಾದದಡಿಯ ಮೆತ್ತೆಗಳ ಮಧ್ಯೆ ಬೆಳೆಯೋ ಕೂದಲು ಕತ್ತರಿಸೋದು, ಉಗುರು ಕತ್ತರಿಸೋದು (ನಡೆದು ಸವೆಯೋದು ಕಮ್ಮಿ ಆಗಿರುತ್ತಲ್ಲ, ಬೇಗ ಬೆಳೆದು ಕಾಲೂರೋ ರೀತಿನೇ ಕೆಡಿಸುತ್ತೆ), ಈ ಎರಡರಿಂದ ಜಾರೋದು ಎಷ್ಟು ಕಮ್ಮಿ ಆಯ್ತು ಅಂದ್ರೆ ಮೊದಲೇ ಯಾಕೆ ಹೊಳೀಲಿಲ್ಲ ಅನ್ಸುತ್ತೆ.

ಕಣ್ಣು ಮಂಜಾಗಿ ನೀಲಿ ನೀಲಿ ಕಾಣೋಕೆ ಶುರುವಾದಾಗ ಕುರುಡಾಗ್ತಿದಾಳೆ ಅಂತ ಜೀವ ಬಾಯಿಗೆ ಬಂದಿತ್ತು. ಅದು ವಯಸ್ಸಿಗೆ ಮಸೂರ ಗಟ್ಟಿ ಆಗೋದಂತೆ, ದೃಷ್ಟಿಗೆ ಅಂಥ ತೊಂದರೆ ಇಲ್ಲ, ಪೊರೆ ಅಂದ್ರೆ ಕ್ಯಾಟರಾಕ್ಟ್ ಬೇರೆ, ಅದು ಬಿಳಿ. ನೋಡಿ ಇಲ್ಲಿ ನಿಜವಾಗ್ಲೂ 'ವಯಸ್ಸಾಯ್ತು ಬಿಡಿ' ಅನ್ನೋದೇ ಸರಿ ಉತ್ತರ. ಯಾವುದಕ್ಕೆ ಬಿಡಿ ಅನ್ಬೇಕು, ಯಾವುದಕ್ಕೆ ಬಿಡಬಾರ್ದು ಅನ್ನೋದನ್ನ ಕಲಿಯೋದೇ ದೊಡ್ಡ ಕೆಲಸ. ಕಿವಿನೂ ಹಾಗೆ, ಕೇಳ್ಸೋದು ಕಮ್ಮಿಯಾಗಿದೆ, ಅದಕ್ಕೆ ಈಗ ಕೂಗೋದು ಬಿಟ್ಟು ಅಂಗೈಯಿಂದ ನೆಲ ತಟ್ತೀನಿ, ನೆಲ ಅದುರೋದು ಗೊತ್ತಾಗಿ ತಿರುಗ್ತಾಳೆ, ಆಮೇಲೆ ಕೈಸನ್ನೆ. ಮಲಗಿದ್ದಾಗ ಹಿಂದಿನಿಂದ ಹೋಗಿ ಮುಟ್ಟಲ್ಲ, ಮೂಗಿನ ಹತ್ರ ಕೈ ಹಿಡಿದು ವಾಸನೆ ಸಿಗೋ ತನಕ ಕಾಯ್ತೀನಿ. ಮೂಗಿನ ತುದಿ ಅಲ್ಲಾಡುತ್ತೆ, ಕಣ್ಣು ಇನ್ನೂ ಮುಚ್ಚಿರುತ್ತೆ, ಅಷ್ಟರಲ್ಲೇ ಬಾಲ ಟಪ್ ಟಪ್ ಅಂತ ಮ್ಯಾಟ್ ಮೇಲೆ ಬಡ್ಕೊಳ್ಳೋಕೆ ಶುರು. ದಿನಕ್ಕೆ ಹತ್ತು ಸಲ ನೋಡ್ತೀನಿ ಇದನ್ನ, ಹತ್ತು ಸಲನೂ ಬೇಕು ನಂಗೆ.

ಉಚ್ಚೆ ವಿಷಯ ಯಾರೂ ಮಾತಾಡಲ್ಲ, ಮಾತಾಡ್ಬೇಕು. ನಿದ್ದೆಯಲ್ಲಿ ಹಾಸಿಗೆ ಒದ್ದೆ ಆಗ್ತಿದ್ರೆ ಅದು ಹಟಾನೂ ಅಲ್ಲ ಸೋಮಾರಿತನಾನೂ ಅಲ್ಲ. ಸಂತಾನಹರಣ ಆಪರೇಷನ್ ಆದ ಹೆಣ್ಣು ನಾಯಿಗಳಿಗೆ ಹಾರ್ಮೋನ್ ಕಮ್ಮಿಯಾಗಿ ಹಿಡಿದಿಟ್ಟುಕೊಳ್ಳೋ ಸ್ನಾಯು ಸಡಿಲ ಆಗುತ್ತೆ, ಅದಕ್ಕೆ ಔಷಧಿ ಇದೆ, ಕೆಂಪಿಗೆ ಕೆಲಸ ಮಾಡಿದೆ. ಬೈಯ್ದು ಏನು ಸಿಗುತ್ತೆ? ನೀರು ಕುಡಿಯೋದು ಜಾಸ್ತಿಯಾಗಿದ್ರೆ ಮಾತ್ರ ತಡ ಮಾಡ್ಬೇಡಿ, ಕಿಡ್ನಿ, ಶುಗರ್, ಕುಶಿಂಗ್ಸ್ ಅನ್ನೋ ಹಾರ್ಮೋನ್ ಕಾಯಿಲೆ ಹೀಗೆ ಏನು ಬೇಕಾದ್ರೂ ಇರ್ಬಹುದು. ಒದ್ದೆ ಆಗ್ತಿದೆ ಅಂತ ನೀರಿನ ಬಟ್ಟಲು ಎತ್ತಿಡೋದಂತೂ ಖಂಡಿತ ಬೇಡ.

ಹೋದ ವರ್ಷ ಒಂದು ಬೆಳಿಗ್ಗೆ ನಾನು ಮರೆಯೋಕಾಗಲ್ಲ. ಎದ್ದು ನೋಡಿದ್ರೆ ತಲೆ ಒಂದು ಕಡೆ ವಾಲಿದೆ, ಕಣ್ಣುಗುಡ್ಡೆ ಅತ್ತಿಂದಿತ್ತ ಪಟಪಟ ಓಡ್ತಿದೆ, ನಿಲ್ಲೋಕೆ ಹೋಗಿ ಉರುಳಿ ಉರುಳಿ ಬೀಳ್ತಿದಾಳೆ, ವಾಂತಿ ಬೇರೆ. ಸ್ಟ್ರೋಕ್ ಆಗಿದೆ, ಮುಗೀತು ಅನ್ಕೊಂಡು ಕೈಕಾಲೇ ಆಡ್ಲಿಲ್ಲ. ಫೋನಲ್ಲಿ ಒಬ್ರು ಹತ್ತಿರದೋರು 'ನರಳಿಸ್ಬೇಡಿ, ಇವತ್ತೇ ಇಂಜೆಕ್ಷನ್ ಕೊಡ್ಸಿ ಶಾಶ್ವತವಾಗಿ ಮಲಗಿಸ್ಬಿಡಿ' ಅಂದ್ರು. ಅದು ವೆಸ್ಟಿಬ್ಯುಲರ್ ಸಿಂಡ್ರೋಮ್, ಒಳಗಿವಿಯ ಬ್ಯಾಲೆನ್ಸ್ ವ್ಯವಸ್ಥೆ ಇದ್ದಕ್ಕಿದ್ದಂಗೆ ಕೈಕೊಡೋದು, ಮುದಿ ನಾಯಿಗಳಲ್ಲಿ ತುಂಬಾ ಸಾಮಾನ್ಯ. ನೋಡೋಕೆ ಭಯಂಕರ, ಆದ್ರೆ ಬಹಳಷ್ಟು ಸಲ ಮೂರು ದಿನದೊಳಗೆ ಸುಧಾರಿಸೋಕೆ ಶುರುವಾಗಿ ಎರಡು ಮೂರು ವಾರದಲ್ಲಿ ಸರಿಹೋಗುತ್ತೆ. ಕಿವಿ ಸೋಂಕು, ಗೆಡ್ಡೆ, ನಿಜವಾದ ಸ್ಟ್ರೋಕ್ ಇದ್ರೂ ಹೀಗೇ ಕಾಣ್ಬಹುದು ಹಾಗಾಗಿ ಡಾಕ್ಟರ್ ನೋಡ್ಲೇಬೇಕು, ಆದ್ರೆ ಆ ಒಂದು ಬೆಳಿಗ್ಗೆಯ ಭಯದಲ್ಲಿ ತೀರ್ಮಾನ ತಗೋಬೇಡಿ. ಎರಡು ದಿನ ನೀರನ್ನ ಸಿರಿಂಜಲ್ಲಿ ಕೊಟ್ಟು ಪಕ್ಕದಲ್ಲೇ ದಿಂಬು ಹಾಕಿ ಮಲಗಿದ್ದೆ. ಈಗ ತಲೆ ಎಡಕ್ಕೆ ಸ್ವಲ್ಪ ಓರೆ ಉಳ್ಕೊಂಡಿದೆ, ಏನೋ ಕೇಳಿಸ್ಕೋತಿರೋ ಥರ ಕಾಣ್ತಾಳೆ ಯಾವಾಗ್ಲೂ.

ಮನಸ್ಸಿಗೂ ಮುಪ್ಪು ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲಿನ ತಿರುಗಣಿ ಇರೋ ಕಡೆ ಮುಖ ಮಾಡಿ ನಿಂತಿರ್ತಾಳೆ, ತೆರ್ಕೊಳ್ಳೋ ಕಡೆ ಯಾವುದು ಅಂತಾನೇ ಮರೆತುಹೋಗಿದೆ. ಮೂಲೆಗೆ ಹೋದ್ರೆ ಹಿಂದಕ್ಕೆ ಬರೋದು ತಿಳಿಯಲ್ಲ. ಇದಕ್ಕೆ ಕಾಗ್ನಿಟಿವ್ ಡಿಸ್‌ಫಂಕ್ಷನ್ ಅಂತಾರೆ, ಮನುಷ್ಯರ ಆಲ್ಝೈಮರ್ಸ್ ಥರಾನೇ ಮಿದುಳಲ್ಲಿ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಕೂಡಿಕೊಳ್ಳುತ್ತೆ. 2001ರಲ್ಲಿ ಬಂದ ಒಂದು ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ 28%ಕ್ಕೆ, 15-16 ವರ್ಷದವುಗಳಲ್ಲಿ 68%ಕ್ಕೆ ಇದರ ಒಂದಾದ್ರೂ ಲಕ್ಷಣ ಇತ್ತು. ಅಷ್ಟೊಂದು ಮನೆಗಳಲ್ಲಿ ಎಷ್ಟು ಜನ 'ನಾಯಿಗೆ ಕೊಬ್ಬು' ಅಂತ ಗದರ್ತಿರ್ಬಹುದು ಅನ್ನೋದು ನೆನೆಸ್ಕೊಂಡ್ರೆ ಸಂಕಟ ಆಗುತ್ತೆ. ನಾನು ರಾತ್ರಿ ಒಂದು ಸಣ್ಣ ದೀಪ ಹಚ್ಚಿಡ್ತೀನಿ, ಸಾಮಾನು ಒಂದೂ ಜರುಗಿಸಲ್ಲ, ಹಗಲು ಸ್ವಲ್ಪ ಬಿಸಿಲಿಗೆ ಕರ್ಕೊಂಡು ಹೋಗಿ ವಾಸನೆ ನೋಡೋಕೆ ಬಿಡ್ತೀನಿ. ವಾಕಿಂಗ್ ಅಂದ್ರೆ ಈಗ ದೂರ ಅಲ್ಲ, ಒಂದು ಪೊದೆ ಹತ್ರ ಐದು ನಿಮಿಷ. ಅವಳ ಮೂಗಿಗೆ ಇನ್ನೂ ಮುಪ್ಪು ಬಂದಿಲ್ಲ.

ಸುಸ್ತಾಗಲ್ವಾ ಅಂತ ಕೇಳ್ತಾರೆ. ಆಗುತ್ತೆ. ಮೂರನೇ ಸಲ ಎದ್ದ ರಾತ್ರಿ ಸಿಟ್ಟೂ ಬಂದಿದೆ, ಅವಳ ಮೇಲಲ್ಲ, ಎಲ್ಲದರ ಮೇಲೆ. ವಯಸ್ಸಾದ ನಾಯಿ ನೋಡ್ಕೊಳ್ಳೋರು ಇದನ್ನ ಹೇಳ್ಕೊಳ್ಳೋಕೆ ಹೆದರ್ತಾರೆ, ಪ್ರೀತಿ ಕಮ್ಮಿ ಅನ್ಕೋತಾರೇನೋ ಅಂತ. ಮನೇಲಿ ಸರದಿ ಮಾಡ್ಕೊಳ್ಳಿ, ನಿದ್ದೆ ಮಾಡಿ. ಹೊಸ ಮರಿ ತನ್ನಿ, ಎಲ್ಲ ಸರಿಹೋಗುತ್ತೆ ಅನ್ನೋರಿದಾರೆ, ಅವಳ ಮುಂದೆನೇ ಹೇಳ್ತಾರೆ. ನಂಗೆ ಈಗ ಬೇಕಿರೋದು ಈ ಓರೆ ತಲೆಯೋಳು.

ಕೊನೆಯ ದಿನದ ಬಗ್ಗೆನೂ ಯೋಚ್ನೆ ಮಾಡಿದೀನಿ, ಸುಳ್ಳು ಯಾಕೆ ಹೇಳ್ಲಿ. ಡಾಕ್ಟರನ್ನ ಮೊದಲೇ ಕೇಳಿಟ್ಕೊಂಡಿದೀನಿ ದಯಾಮರಣ ಹೇಗೆ ಕೊಡ್ತಾರೆ ಅಂತ. ಮೊದಲು ಮಂಪರು ಬರೋ ಇಂಜೆಕ್ಷನ್, ನಿದ್ದೆ ಹತ್ತಿದ ಮೇಲೆ ಅರಿವಳಿಕೆ ಔಷಧಿಯ ದೊಡ್ಡ ಡೋಸ್, ಕೆಲವೇ ನಿಮಿಷ, ಕಣ್ಣು ತೆರೆದೇ ಇರ್ಬಹುದು ಹೆದರ್ಬೇಡಿ ಅಂದ್ರು. ಕೇಳಿ ಮನೆಗೆ ಬಂದು ಊಟ ಸೇರ್ಲಿಲ್ಲ, ಆದ್ರೆ ಕೇಳಿದ್ದು ಒಳ್ಳೇದಾಯ್ತು. ಯಾವಾಗ ಅನ್ನೋದಕ್ಕೆ ಆಲಿಸ್ ವಿಲಲೋಬೋಸ್ ಅನ್ನೋ ಪಶುವೈದ್ಯೆ 2004ರಲ್ಲಿ ಒಂದು ಅಳತೆ ಮಾಡಿಟ್ಟಿದಾರೆ, ನೋವು, ಹಸಿವು, ನೀರು, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಜಾಸ್ತಿ ಇದೆಯಾ, ಹೀಗೆ ಏಳಕ್ಕೆ ಹತ್ತರಂತೆ ಅಂಕ, ಒಟ್ಟು 35 ದಾಟಿದ್ರೆ ಬದುಕು ಇನ್ನೂ ಸಹನೀಯ ಅಂತ. ಅಂಕ ಹಾಕೋಕೆ ನನ್ನ ಕೈ ಬರಲ್ಲ. ಆದ್ರೆ ಅದರ ಏಳನೇ ಪ್ರಶ್ನೆ ಮಾತ್ರ ಹಿಡ್ಕೊಂಡಿದೀನಿ, ಯಾಕಂದ್ರೆ ನನ್ನ ಮನಸ್ಸನ್ನ ನಂಬೋಕಾಗಲ್ಲ, ಅದು ಮೊದಲು ಒಂದು ವರ್ಷ ಏನೂ ಆಗಿಲ್ಲ ಅಂತ ನಂಗೇ ಹೇಳ್ಕೊಟ್ಟಿತ್ತು, ಈಗ ಅವಳನ್ನ ಬಿಡೋಕಾಗದೆ ಇನ್ನೊಂದು ಥರ ಸುಳ್ಳು ಹೇಳ್ಬಹುದು.

ಅದಕ್ಕೆ ಗೋಡೆ ಮೇಲೆ ಕ್ಯಾಲೆಂಡರ್. ಒಳ್ಳೇ ದಿನಕ್ಕೆ ಚುಕ್ಕಿ, ಕೆಟ್ಟ ದಿನಕ್ಕೆ ಗೀಟು. ಒಳ್ಳೇ ದಿನ ಅಂದ್ರೆ ಊಟ ಮಾಡಿರ್ಬೇಕು, ತಾನಾಗೇ ಒಂದ್ಸಲನಾದ್ರೂ ಎದ್ದಿರ್ಬೇಕು, ಯಾರನ್ನಾದ್ರೂ ನೋಡಿ ಬಾಲ ಅಲ್ಲಾಡಿಸಿರ್ಬೇಕು. ಮೂರೂ ಇರ್ಬೇಕು, ರಿಯಾಯಿತಿ ಇಲ್ಲ, ಗೀಟು ಚುಕ್ಕಿಗಿಂತ ಜಾಸ್ತಿಯಾದ ತಿಂಗಳು ಡಾಕ್ಟರಿಗೆ ಫೋನ್ ಮಾಡೋದು ಅಂತ ಮನೆಯೋರೆಲ್ಲ ಕೂತು ಮಾತಾಡಿದೀವಿ. ಈ ತಿಂಗಳು ನಿನ್ನೆವರೆಗೆ 19 ಚುಕ್ಕಿ, 4 ಗೀಟು. ಇವತ್ತು ಊಟ ಆಗಿದೆ, ಬೆಳಿಗ್ಗೆ ತಾನೇ ಎದ್ದಿದ್ಲು. ಈಗ ಮಲಗಿದಾಳೆ, ಇನ್ನು ಹೋಗಿ ಮೂಗಿನ ಹತ್ರ ಕೈ ಹಿಡೀಬೇಕು.