ದುಡ್ಡು ಬಂದಾಗ ಮಳೆ ಹೋಗಿತ್ತು
ಕೃಷಿ ಹೊಂಡದ ಸಹಾಯಧನ ದಂಡ ಅಂತ ಬರೆದಿದ್ದೀರಿ, ನಾನು ಒಪ್ಪಲ್ಲ. 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದಾಗ ಹೊಂಡದ ಖರ್ಚಿನಲ್ಲಿ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90ರಷ್ಟು ಕೊಡ್ತಿದ್ರು. ಮುಳಬಾಗಿಲು ಕಡೆ ನಮ್ಮ ಎರಡೆಕರೆಯಲ್ಲೂ ತೋಡಿಸಿದ್ವಿ. ತೊಂದರೆ ಇರೋದು ದುಡ್ಡು ಬರೋ ಹೊತ್ತಿನಲ್ಲಿ. ಹೊಂಡದ ಹಣ ಬಂತು. ನೀರು ಇಂಗದಂತೆ ಹೊಂಡಕ್ಕೆ ಹಾಸೋ ತಾಡಪಾಲಿನದ್ದು ಬರೋ ಹೊತ್ತಿಗೆ ಮುಂಗಾರು ಮುಗಿದು, ಕೆಂಪು ಮಣ್ಣಲ್ಲಿ ನೀರೆಲ್ಲ ಇಂಗಿ, ತಳದ ಕೆಸರಲ್ಲಿ ನಾಯಿ ಹೆಜ್ಜೆ ಅಷ್ಟೇ. ಹೊಂಡದ ಫೋಟೊ ಹಿಡಿಯೋ ಇಲಾಖೆಯೋರು ಮಾತ್ರ ಮೂರು ಸಲ ಬಂದು ಹೋದ್ರು! ತಾಡಪಾಲು ಹಾಸಿದ ಮೇಲೆ, ಮುಂದಿನ ವರ್ಷ ಟೊಮೆಟೊ ಕಾಯಿ ಕಚ್ಚೋವಾಗ ಮಳೆ ಕೈಕೊಡ್ತು, ಅದೇ ಹೊಂಡದಿಂದ ಎರಡು ನೀರು ಕೊಟ್ಟು ಬೆಳೆ ಉಳಿಸಿಕೊಂಡ್ವಿ. ಸಾವಿರದಿನ್ನೂರು ಅಡಿ ಬೋರ್ ಕೊರೆಸಿ ಬರೀ ಧೂಳು ಕಂಡೋರನ್ನ ಕೇಳಿ ಸ್ವಾಮಿ, ಅದು ದಂಡವೋ ಅಲ್ಲವೋ ಅಂತ.